416 ಪುಟಗಳ ಪುಸ್ತಕ, 8 ಜಿಬಿ ಮೆಮೊರಿ: ಐಎಂಜಿ2ಪಿಡಿಎಫ್ ತಂತ್ರಾಂಶದ ವಿಮರ್ಶೆ

ಸ್ಕ್ಯಾನ್ ಮಾಡಿದ ನೂರಾರು ಪುಟಗಳನ್ನು ಒಂದೇ ಪಿಡಿಎಫ್ ಆಗಿ ಕಟ್ಟಲು ಹೊರಟು, ಅರ್ಧ ದಾರಿಯಲ್ಲಿ ಕಂಪ್ಯೂಟರು ಮೆಮೊರಿ ಸಾಲದೆ ಕೈಚೆಲ್ಲಿ ಕುಳಿತದ್ದನ್ನು ಕಂಡವರಿಗಾಗಿ ಈ ಬರಹ. ಶಾಲೆಯಿಂದ ನಿವೃತ್ತನಾದ ಮೇಲೆ ನಾನು ನಮ್ಮೂರ ಗ್ರಂಥಾಲಯದ ಹಳೆಯ ಪುಸ್ತಕಗಳಲ್ಲಿ, ಲೇಖಕರು ತೀರಿಕೊಂಡು 60 ವರ್ಷ ಕಳೆದು ಹಕ್ಕುಸ್ವಾಮ್ಯ ಮುಗಿದಿರುವವುಗಳನ್ನು ಆಯ್ದು, ಸ್ಕ್ಯಾನ್ ಮಾಡಿ, ಅಂತರಜಾಲದ ಉಚಿತ ಗ್ರಂಥಾಲಯವಾದ ಇಂಟರ್ನೆಟ್ ಆರ್ಕೈವ್‌ಗೆ ಏರಿಸುವ ಕೆಲಸ ಹಚ್ಚಿಕೊಂಡಿದ್ದೇನೆ. ಈ ಕೆಲಸದಲ್ಲಿ ಸ್ಕ್ಯಾನರಿನ ಮುಂದೆ ಕೂರುವುದೇ ಬೇಸರದ ಭಾಗವೆಂದು ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಮಾತ್ರ ಸ್ಕ್ಯಾನ್ ಮುಗಿದ ಮೇಲಿನ ಐದು ನಿಮಿಷದ ಕೆಲಸವೇ ಮೂರು ವಾರ ನುಂಗಿತು. ಅದನ್ನು ಬಿಡಿಸಿಕೊಟ್ಟ ತಂತ್ರಾಂಶದ ಹೆಸರು ಐಎಂಜಿ2ಪಿಡಿಎಫ್: ಮೂರು ಇಂಗ್ಲಿಷ್ ಅಕ್ಷರ, ಒಂದು ಅಂಕಿ, ಕೊನೆಗೆ ಪಿಡಿಎಫ್. ಯೊಹಾನೆಸ್ ಶಾವರ್ ಮರೀನ್ ರೊಡ್ರಿಗೆಸ್ ಎಂಬವರು ಪೈಥಾನ್ ಭಾಷೆಯಲ್ಲಿ ಬರೆದಿರುವ ಇದು ಮುಕ್ತ ತಂತ್ರಾಂಶ, ಕಾಸು ಕೊಡಬೇಕಾಗಿಲ್ಲ. ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ರೂಪಗಳಾದ ಉಬುಂಟು, ಡೆಬಿಯನ್‌ಗಳ ಭಂಡಾರದಲ್ಲೇ ಇರುವುದರಿಂದ ಒಂದು ಸಾಲಿನ ಆಜ್ಞೆಯಲ್ಲಿ ಇಳಿಸಿಕೊಳ್ಳಬಹುದು.

ಮೊದಲು ಕೆಟ್ಟದ್ದೇನು ಎಂಬುದನ್ನು ಹೇಳಬೇಕು, ಏಕೆಂದರೆ ಅದು ಗೊತ್ತಿಲ್ಲದಿದ್ದರೆ ಈ ತಂತ್ರಾಂಶದ ಹೆಚ್ಚುಗಾರಿಕೆ ಏನೆಂಬುದೂ ತಿಳಿಯುವುದಿಲ್ಲ. ನಾನು ಕೈಗೆತ್ತಿಕೊಂಡ ಪುಸ್ತಕ ಡೆಮಿ 1/8 ಆಕಾರದ್ದು, ಹದಿನಾರು ಪುಟಕ್ಕೊಂದರಂತೆ 26 ಫಾರಂಗಳದ್ದು, ಅಂದರೆ ಒಟ್ಟು 416 ಪುಟ. ಕಾಗದ ಹಳದಿಗೆ ತಿರುಗಿದ್ದರಿಂದ ಬಣ್ಣದಲ್ಲೇ, ಅಂಗುಲಕ್ಕೆ 400 ಚುಕ್ಕೆಯಂತೆ ಸ್ಕ್ಯಾನ್ ಮಾಡಿದ್ದೆ. ಒಂದೊಂದು ಪುಟವೂ ಸುಮಾರು ಒಂದೂವರೆ ಎಂಬಿಯ ಜೆಪೆಗ್ ಫೈಲು. ಎಲ್ಲವೂ ಕೂಡಿ 620 ಎಂಬಿಯ ಆಸುಪಾಸು. ಇಷ್ಟನ್ನು ಪಿಡಿಎಫ್ ಮಾಡಲು 8 ಜಿಬಿ ರ‍್ಯಾಮ್ ಇರುವ ನನ್ನ ಲ್ಯಾಪ್‌ಟಾಪು ಧಾರಾಳವಾಯಿತು ಎಂಬ ನಂಬಿಕೆಯಿಂದ, ಚಿತ್ರಗಳ ಎಲ್ಲ ಕೆಲಸಕ್ಕೂ ನಾನು ಬಳಸುತ್ತಿದ್ದ ಇಮೇಜ್‌ಮ್ಯಾಜಿಕ್‌ಗೆ ಆ ಫೋಲ್ಡರಿನ ಅಷ್ಟೂ ಜೆಪೆಗ್‌ಗಳನ್ನು ಒಟ್ಟಿಗೆ ಒಪ್ಪಿಸಿದೆ.

ಮೊದಲ ಸಲ ಅದು ಒಂದು ನಿಮಿಷವೂ ಓಡದೆ, ಕ್ಯಾಶ್ ಸಂಪನ್ಮೂಲ ಮುಗಿಯಿತು ಎಂಬ ಅರ್ಥದ ಒಂದು ಸಾಲು ಬರೆದು ನಿಂತಿತು. ಉಬುಂಟುವಿನಲ್ಲಿ ಇದಕ್ಕೆ ಮೊದಲೇ ಮಿತಿ ಹಾಕಿಟ್ಟಿರುತ್ತಾರೆ: ರ‍್ಯಾಮಿನಲ್ಲಿ 256 ಎಂಬಿ, ಡಿಸ್ಕಿನಲ್ಲಿ 1 ಜಿಬಿ, ಹೀಗೆ. ಯಾರೋ ಒಬ್ಬರು ಹೆಬ್ಬಂಡೆಯಂಥ ಚಿತ್ರವೊಂದನ್ನು ಕಳಿಸಿ ಇಡೀ ಯಂತ್ರವನ್ನೇ ಕೆಡವಬಾರದೆಂಬ ಮುನ್ನೆಚ್ಚರಿಕೆ ಅದು. ಪಾಲಿಸಿ ಎಂಬ ಹೆಸರಿನ ಫೈಲನ್ನು ತೆರೆದು ಆ ಅಂಕಿಗಳನ್ನು ಹಿಗ್ಗಿಸಿದೆ. ಬೇಲಿ ಯಾಕೆ ಹಾಕಿದ್ದಾರೆಂದು ಕೇಳದೆ ಬೇಲಿ ಕಿತ್ತದ್ದು ನನ್ನದೇ ತಪ್ಪು. ಎರಡನೆಯ ಸಲ ಪರದೆಯ ಮೇಲಿನ ಬಾಣ ಮೊದಲು ತಡವರಿಸಿತು, ಆಮೇಲೆ ನಿಂತೇಹೋಯಿತು. ಡಿಸ್ಕಿನ ದೀಪ ಆರದೆ ಉರಿಯುತ್ತಿತ್ತು. ಇಪ್ಪತ್ತು ನಿಮಿಷ ಕಳೆದ ಮೇಲೆ ಆಜ್ಞೆ ಬರೆಯುವ ಕಿಟಕಿಯಾದ ಟರ್ಮಿನಲ್ಲಿನಲ್ಲಿ ಒಂದೇ ಒಂದು ಪದ ಮೂಡಿತು: 'ಕಿಲ್ಡ್'. ಯಾಕೆ, ಎಲ್ಲಿ, ಎಷ್ಟನೆಯ ಪುಟದಲ್ಲಿ ಎಂಬ ವಿವರವೇ ಇಲ್ಲ. ಮೆಮೊರಿ ಸಂಪೂರ್ಣ ಬತ್ತಿದಾಗ ಲಿನಕ್ಸ್ ತನ್ನನ್ನು ತಾನು ಉಳಿಸಿಕೊಳ್ಳಲು ಹೆಚ್ಚು ತಿನ್ನುತ್ತಿರುವ ಪ್ರೋಗ್ರಾಮನ್ನು ಹುಡುಕಿ ಕೊಂದುಬಿಡುತ್ತದೆಂಬುದು ಆಮೇಲೆ ತಿಳಿಯಿತು.

ಅಂಗಡಿಗೆ ಹೋದೆ. ಶಿವಮೊಗ್ಗದ ಒಂದು ಕಂಪ್ಯೂಟರ್ ಅಂಗಡಿಯ ಹುಡುಗ, ನಾನು ಮಾತು ಮುಗಿಸುವ ಮೊದಲೇ, "ಸರ್, ಇನ್ನೊಂದು ಎಂಟು ಹಾಕಿಸ್ಕೊಳ್ಳಿ, ಬೆಣ್ಣೆ ಥರ ಓಡುತ್ತೆ" ಎಂದ. ಹಾಕಿಸಿಕೊಂಡೆ. ಹದಿನಾರು ಜಿಬಿಯಾಯಿತು. ಮನೆಗೆ ಬಂದು ಅದೇ ಆಜ್ಞೆಯನ್ನು ಮತ್ತೆ ಕೊಟ್ಟೆ. ಇಪ್ಪತ್ತು ನಿಮಿಷದ ಬದಲು ಮೂವತ್ತೈದು ನಿಮಿಷ ಕಾದು ಅದೇ ಪದವನ್ನು ಓದಿದೆ. ಹುಡುಗನನ್ನು ದೂರಲಾರೆ. ನಾನಾದರೂ ಲೆಕ್ಕ ಹಾಕಿದ್ದೆನೇ?

ಲೆಕ್ಕ ಹಾಕಿದ್ದು ಅವತ್ತಿನ ರಾತ್ರಿ, ಕಾಗದದ ಮೇಲೆ. ಡೆಮಿ 1/8 ಪುಟವೆಂದರೆ ಐದೂವರೆ ಅಂಗುಲ ಅಗಲ, ಎಂಟೂವರೆ ಅಂಗುಲ ಉದ್ದ. ಅಂಗುಲಕ್ಕೆ 400 ಚುಕ್ಕೆಯೆಂದರೆ ಅಗಲದಲ್ಲಿ 2200, ಉದ್ದದಲ್ಲಿ 3400, ಗುಣಿಸಿದರೆ 74 ಲಕ್ಷದ 80 ಸಾವಿರ ಪಿಕ್ಸೆಲ್. ನನ್ನ ಯಂತ್ರದಲ್ಲಿದ್ದ ಇಮೇಜ್‌ಮ್ಯಾಜಿಕ್ 6ನೆಯ ಆವೃತ್ತಿಯದು. ಅದು ಒಂದು ಪಿಕ್ಸೆಲ್ಲಿಗೆ ನಾಲ್ಕು ಮನೆಗಳನ್ನು, ಮನೆಗೆ ಎರಡು ಬೈಟಿನಂತೆ ಒಟ್ಟು 8 ಬೈಟುಗಳನ್ನು ತೆಗೆದಿಡುತ್ತದೆ. ಹಾಗಾದರೆ ಡಿಸ್ಕಿನ ಮೇಲೆ ಒಂದೂವರೆ ಎಂಬಿಯಾಗಿ ಮುದುಡಿ ಮಲಗಿದ್ದ ಪುಟ, ಮೆಮೊರಿಯಲ್ಲಿ ಬಿಚ್ಚಿಕೊಂಡಾಗ ಸುಮಾರು 60 ಎಂಬಿಯಾಗುತ್ತದೆ, ನಲವತ್ತು ಪಟ್ಟು. ಪಿಡಿಎಫ್ ಬರೆಯುವಾಗ ಅದು ಪುಟಗಳನ್ನು ಒಂದಾದ ಮೇಲೊಂದರಂತೆ ತೆರೆದು ಮುಚ್ಚುವುದಿಲ್ಲ. 416ನ್ನೂ ತೆರೆದು ಸಾಲಾಗಿ ನಿಲ್ಲಿಸಿಕೊಂಡ ಮೇಲೆಯೇ ಬರೆಯಲು ಕೂರುತ್ತದೆ. 60ನ್ನು 416ರಿಂದ ಗುಣಿಸಿದರೆ ಹತ್ತಿರ ಹತ್ತಿರ 25 ಜಿಬಿ. ಎಂಟೂ ಸಾಲದು, ಹದಿನಾರೂ ಸಾಲದು. ಡಿಸ್ಕಿನಲ್ಲಿ ಜಾಗ ಬಿಟ್ಟುಕೊಟ್ಟರೆ ಅದು ತಾತ್ಕಾಲಿಕ ಫೈಲುಗಳಲ್ಲಿ ಅಷ್ಟನ್ನೂ ಹರಡಿಕೊಂಡು ಹೇಗೋ ಮುಗಿಸುತ್ತದೆ; ಆದರೆ ಅಷ್ಟೆಲ್ಲ ಒದ್ದಾಡಿದ ಮೇಲೆ ಬಿಚ್ಚಿದ ಪುಟಗಳನ್ನು ಅದು ಮತ್ತೆ ಜೆಪೆಗ್ ಆಗಿಯೇ ಕುಗ್ಗಿಸಬೇಕು, ಪ್ರತಿ ಸಲ ಕುಗ್ಗಿಸಿದಾಗಲೂ ಅಕ್ಷರದ ಅಂಚು ಕೊಂಚ ಮಸುಕಾಗಲೇಬೇಕು. ಮೊದಲೇ ಮಾಸಿದ ಅಚ್ಚಿನ ಪುಸ್ತಕಕ್ಕೆ ಇದು ದಂಡದ ಮೇಲೆ ದಂಡ.

ಅಕ್ಕಿ ಮೂಟೆಗಳನ್ನು ಲಾರಿಗೆ ಏರಿಸಬೇಕೆಂದರೆ ನಾವು ಒಂದೊಂದೇ ಮೂಟೆ ಎತ್ತಿ ಲಾರಿಯಲ್ಲಿಡುತ್ತೇವೆ. ನಾನು ಮಾಡುತ್ತಿದ್ದುದು ಬೇರೆ: ಎಲ್ಲ ಮೂಟೆಗಳ ಬಾಯಿ ಬಿಚ್ಚಿ ಅಂಗಳದಲ್ಲಿ ಸುರಿದು, ಅಂಗಳ ಸಾಲದೆಂದು ಪಕ್ಕದ ಮನೆಯ ಅಂಗಳವನ್ನೂ ಕೇಳಿ ಪಡೆದು, ಮತ್ತೆ ತುಂಬಿ ಹೊಲಿದು ಏರಿಸುವ ಕೆಲಸ. ಐಎಂಜಿ2ಪಿಡಿಎಫ್ ಮೂಟೆಯನ್ನು ಬಿಚ್ಚುವುದಿಲ್ಲ. ಜೆಪೆಗ್ ರೂಪದ ಚಿತ್ರವನ್ನು ಹಾಗೆ ಹಾಗೆಯೇ ಒಳಗಿಟ್ಟುಕೊಳ್ಳಲು ಪಿಡಿಎಫ್‌ನ ರಚನೆಯಲ್ಲೇ ಅವಕಾಶವಿದೆ. ಪುಟದ ಅಗಲ, ಎತ್ತರ, ಬಣ್ಣದ ಬಗೆ ಇಷ್ಟನ್ನು ಫೈಲಿನ ತಲೆಭಾಗದಿಂದ ಓದಿಕೊಂಡು ಒಂದು ಚೀಟಿ ಬರೆದು ಅಂಟಿಸಿದರೆ ಸಾಕು. ಈ ತಂತ್ರಾಂಶ ಮಾಡುವುದು ಅಷ್ಟನ್ನೇ.

ಮೊದಲ ಸಲ ಓಡಿಸಿದಾಗ ಎಲ್ಲೋ ತಪ್ಪಾಯಿತೆಂದೇ ಅನ್ನಿಸಿತು. ಆಜ್ಞೆ ಕೊಟ್ಟು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಟರ್ಮಿನಲ್ ಮುಂದಿನ ಆಜ್ಞೆಗೆ ಕಾಯುತ್ತಿತ್ತು. ಫೋಲ್ಡರಿನಲ್ಲಿ 620 ಎಂಬಿಗಿಂತ ಕೂದಲೆಳೆಯಷ್ಟು ದೊಡ್ಡದಾದ ಪಿಡಿಎಫ್ ಕುಳಿತಿತ್ತು. ಇನ್ನೊಂದು ಸಲ, ಈ ಬಾರಿ ಪಕ್ಕದಲ್ಲಿ ಮೆಮೊರಿಯ ಪಟ್ಟಿಯನ್ನು ತೆರೆದಿಟ್ಟುಕೊಂಡು ಓಡಿಸಿ ನೋಡಿದೆ: ಮುಕ್ಕಾಲು ಜಿಬಿಯನ್ನೂ ಅದು ಮುಟ್ಟಲಿಲ್ಲ. ಅಂದರೆ ಹೊಸ ರ‍್ಯಾಮ್ ಹಾಕಿಸುವ ಮೊದಲಿನ ಲ್ಯಾಪ್‌ಟಾಪಿನಲ್ಲೇ ಈ ಕೆಲಸ ನಿರಾಯಾಸವಾಗಿ ಆಗುತ್ತಿತ್ತು.

ಚಿತ್ರವನ್ನು ಒಂದಿಷ್ಟೂ ಬದಲಿಸುವುದಿಲ್ಲ ಎಂಬ ಅದರ ಮಾತನ್ನು ಪರೀಕ್ಷಿಸದೆ ಬಿಡುವುದು ಮೇಷ್ಟರ ಜಾಯಮಾನವಲ್ಲ. ಪಿಡಿಎಫ್ ಕೆಲಸಕ್ಕೆಂದೇ ಇರುವ ಪಾಪ್ಲರ್ ಸಲಕರಣೆಗಳಲ್ಲಿ ಪಿಡಿಎಫ್‌ಇಮೇಜಸ್ ಎಂಬುದೊಂದಿದೆ. ಪಿಡಿಎಫ್‌ನೊಳಗಿರುವ ಚಿತ್ರಗಳನ್ನು ಇದ್ದ ರೂಪದಲ್ಲೇ ಹೊರತೆಗೆದು ಕೊಡುತ್ತದೆ. ಅದರಿಂದ 416 ಪುಟಗಳನ್ನೂ ಹೊರತೆಗೆದು, ಪ್ರತಿಯೊಂದರ ಶಾ-256 ಮೊತ್ತವನ್ನು (ಫೈಲಿನ ಎಲ್ಲ ಬೈಟುಗಳಿಂದ ಲೆಕ್ಕ ಹಾಕುವ, ಬೆರಳಚ್ಚಿನಂಥ ಸಂಖ್ಯೆ) ಸ್ಕ್ಯಾನರಿನಿಂದ ಬಂದ ಮೂಲ ಜೆಪೆಗ್‌ನ ಮೊತ್ತದೊಡನೆ ಹೋಲಿಸಿದೆ. ಒಂದು ಬೈಟು ಆಚೀಚೆಯಾಗಿದ್ದರೂ ಈ ಮೊತ್ತ ಪೂರ್ತಿ ಬೇರೆಯಾಗುತ್ತದೆ. ನಾನೂರ ಹದಿನಾರೂ ತಾಳೆಯಾದವು. ಕಾಪಿಟ್ಟುಕೊಳ್ಳಬೇಕಾದ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಭರವಸೆ ಬೇಕಾಗಿಲ್ಲ: ನಾಳೆ ಮೂಲ ಸ್ಕ್ಯಾನುಗಳಿದ್ದ ಡಿಸ್ಕು ಕೆಟ್ಟರೂ ಪಿಡಿಎಫ್‌ನಿಂದ ಅವನ್ನು ಮರಳಿ ಪಡೆಯಬಹುದು.

ಇಷ್ಟು ಹೊಗಳಿದ ಮೇಲೆ ಅದರ ಮೊಂಡುತನಗಳನ್ನೂ ಹೇಳಲೇಬೇಕು. ಒಂದನೆಯದು ಪುಟದ ಅಳತೆಯದು. ಅಂಗುಲಕ್ಕೆ ಎಷ್ಟು ಚುಕ್ಕೆ ಎಂಬ ಮಾಹಿತಿಯನ್ನು ಅದು ಜೆಪೆಗ್‌ನೊಳಗಿಂದಲೇ ಓದಿಕೊಳ್ಳುತ್ತದೆ. ನಾನು ಒಂದು ಸಲ ಅಂಚು ಕತ್ತರಿಸಲು ಬಳಸಿದ ಮೊಬೈಲ್ ಆ್ಯಪು ಆ ಮಾಹಿತಿಯನ್ನು ಅಳಿಸಿಹಾಕಿತ್ತು. ಮಾಹಿತಿ ಇಲ್ಲದಿದ್ದರೆ ಈ ತಂತ್ರಾಂಶ ಅಂಗುಲಕ್ಕೆ 96 ಎಂದು ತಾನೇ ಭಾವಿಸಿಕೊಳ್ಳುತ್ತದೆ. ಆ ಲೆಕ್ಕದಲ್ಲಿ ನನ್ನ ಡೆಮಿ 1/8 ಪುಟ 23 ಅಂಗುಲ ಅಗಲ, 35 ಅಂಗುಲ ಉದ್ದದ ಸಿನಿಮಾ ಪೋಸ್ಟರು ಆಯಿತು. ಪರದೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲವಾದ್ದರಿಂದ ಮುದ್ರಿಸಲು ಹೋದಾಗಲೇ ಬೆಪ್ಪಾಗುವುದು. ಆಜ್ಞೆಯಲ್ಲಿ ಚಿತ್ರದ ಅಳತೆಯನ್ನು ನಾವೇ ಸೂಚಿಸುವ ಆಯ್ಕೆ ಇದೆ. ಈಗ ನಾನು ಅದನ್ನು ತಪ್ಪದೆ ಬರೆಯುತ್ತೇನೆ.

ಪಾರದರ್ಶಕತೆಯ ಪದರವಿರುವ ಪಿಎನ್‌ಜಿ ಚಿತ್ರಗಳನ್ನು ಅದರ ಹಳೆಯ ಆವೃತ್ತಿಗಳು ಮುಟ್ಟುತ್ತಲೇ ಇರಲಿಲ್ಲ, ನೂರು ಪುಟಗಳ ನಡುವೆ ಅಂಥದೊಂದು ಸಿಕ್ಕರೆ ಇಡೀ ಕೆಲಸವನ್ನು ನಿಲ್ಲಿಸಿ ನಿರಾಕರಿಸುತ್ತಿದ್ದವು. ಕೆಲವು ಮೊಬೈಲುಗಳು ಬರೆಯುವ ತಪ್ಪು ತಿರುವಿನ ಗುರುತು ಸಿಕ್ಕರೂ ಅದು ನಿಂತುಬಿಡುತ್ತದೆ. ಅದನ್ನು ಕಡೆಗಣಿಸು ಎಂದು ಬೇರೆಯಾಗಿ ಹೇಳಬೇಕು. ಮೊದಮೊದಲು ಸಿಟ್ಟು ಬರುತ್ತಿತ್ತು. ಪಾರದರ್ಶಕತೆಯನ್ನು ತೆಗೆಯುವುದೆಂದರೆ ಚಿತ್ರವನ್ನು ಬದಲಿಸುವುದು, ಬದಲಿಸುವುದಿಲ್ಲವೆಂಬ ಮಾತಿಗೆ ಅದು ಕಟ್ಟುಬಿದ್ದಿದೆ ಎಂದು ಅರ್ಥವಾದ ಮೇಲೆ ಸಿಟ್ಟು ಇಳಿಯಿತು. ಪುಟಗಳ ಸರದಿ ತಪ್ಪುವುದು ಮಾತ್ರ ಅದರ ದೋಷವಲ್ಲ: ಫೈಲುಗಳಿಗೆ 1, 2, 10 ಎಂದು ಹೆಸರಿಟ್ಟರೆ ಟರ್ಮಿನಲ್ 10ನ್ನು 2ರ ಮುಂದೆ ನಿಲ್ಲಿಸುತ್ತದೆ. 001, 002, 010 ಎಂದು ಸೊನ್ನೆ ಹಚ್ಚಿ ಹೆಸರಿಡುವುದನ್ನು ಮೊದಲ ದಿನವೇ ರೂಢಿಸಿಕೊಳ್ಳಬೇಕು.

ಇನ್ನೊಂದು ಮಿತಿ ನನಗೆ ಎದುರಾದದ್ದು ಊರಿನ ಹಳೆಯ ನಕಾಶೆಯೊಂದನ್ನು ಸೇರಿಸಲು ಹೋದಾಗ. 40 ಅಂಗುಲಕ್ಕೆ 30 ಅಂಗುಲದ ಹಾಳೆಯನ್ನು ಅಂಗುಲಕ್ಕೆ 600 ಚುಕ್ಕೆಯಂತೆ ಸ್ಕ್ಯಾನ್ ಮಾಡಿಸಿ ತಂದಿದ್ದೆ: 43 ಕೋಟಿ 20 ಲಕ್ಷ ಪಿಕ್ಸೆಲ್. ಐಎಂಜಿ2ಪಿಡಿಎಫ್ ಚಿತ್ರದ ವಿವರ ಓದಲು ಪಿಲ್ಲೋ ಎಂಬ ಪೈಥಾನ್ ಲೈಬ್ರರಿಯನ್ನು, ಅಂದರೆ ಸಿದ್ಧ ಕೋಡಿನ ಕಟ್ಟೊಂದನ್ನು, ನೆಚ್ಚಿಕೊಂಡಿದೆ; ಆ ಪಿಲ್ಲೋ ಸುಮಾರು 8 ಕೋಟಿ 95 ಲಕ್ಷ ಪಿಕ್ಸೆಲ್ ದಾಟಿದರೆ ಎಚ್ಚರಿಸುತ್ತದೆ, ಅದರ ಎರಡರಷ್ಟು ದಾಟಿದರೆ ಇದು ಮೆಮೊರಿಯನ್ನು ಸ್ಫೋಟಿಸಲು ಕಳಿಸಿದ ಬಾಂಬೇ ಇರಬೇಕೆಂದು ನಿಂತುಬಿಡುತ್ತದೆ. ಮತ್ತೆ ಬೇಲಿ. ಈ ಸಲ ನಾನು ಕೇಳಿಯೇ ತೆಗೆದೆ. ಪಿಲ್ಲೋ ಮಿತಿಯನ್ನು ಮುರಿಯುವ ಆಯ್ಕೆಯನ್ನು ಈ ತಂತ್ರಾಂಶವೇ ಒದಗಿಸಿದೆ, ಮತ್ತು ಜೆಪೆಗ್ ಆಗಿದ್ದ ಪಕ್ಷದಲ್ಲಿ ಚಿತ್ರವನ್ನು ಬಿಚ್ಚುವ ಪ್ರಮೇಯವೇ ಬರುವುದಿಲ್ಲವಾದ್ದರಿಂದ ಅಪಾಯವೂ ಇಲ್ಲ. ಬಿಚ್ಚಿದ್ದರೆ, ಪಿಕ್ಸೆಲ್ಲಿಗೆ 8 ಬೈಟಿನ ಲೆಕ್ಕದಲ್ಲಿ, ಆ ಒಂದು ಹಾಳೆಯೇ ಮೂರೂವರೆ ಜಿಬಿ ಬೇಡುತ್ತಿತ್ತು.

ಹಾಗೆಂದು ಇದಕ್ಕೆ ಮೆಮೊರಿಯೇ ಬೇಡವೆಂದು ತಿಳಿಯಬಾರದು. ಮೂಟೆಯನ್ನು ಬಿಚ್ಚದಿದ್ದರೂ ಲಾರಿ ತುಂಬುವವರೆಗೆ ಎಲ್ಲ ಮೂಟೆಗಳನ್ನೂ ಅದು ಅಂಗಳದಲ್ಲೇ ಇಟ್ಟುಕೊಂಡಿರುತ್ತದೆ. ಸಣ್ಣ ಪುಸ್ತಕಗಳಲ್ಲಿ ಇದು ಗಮನಕ್ಕೆ ಬರುವುದಿಲ್ಲ. ಗ್ರಂಥಾಲಯದಲ್ಲಿ ಮಾಸಪತ್ರಿಕೆಯೊಂದರ ಎರಡು ವರ್ಷದ 24 ಸಂಚಿಕೆಗಳನ್ನು ಒಂದೇ ರಟ್ಟಿನಲ್ಲಿ ಬೈಂಡು ಮಾಡಿಸಿದ ಸಂಪುಟವಿದೆ: 1536 ಪುಟ, ಪುಟಕ್ಕೆ 3 ಎಂಬಿಯಂತೆ 4.6 ಜಿಬಿ. ಅಷ್ಟು ದೊಡ್ಡ ಪಿಡಿಎಫ್ ಅನ್ನು ಯಾವ ಓದುಗನ ಮೊಬೈಲೂ ತೆರೆಯಲಾರದು, ಸಂಚಿಕೆಗೊಂದರಂತೆ ಬಿಡಿಬಿಡಿಯಾಗಿ ಮಾಡೋಣ ಎಂದರೆ ಗ್ರಂಥಪಾಲಕರು ಒಪ್ಪಲಿಲ್ಲ. "ಮೇಷ್ಟ್ರೇ, ರಿಜಿಸ್ಟರಿನಲ್ಲಿ ಇದಕ್ಕೆ ಇರೋದು ಒಂದೇ ಪರಿಗ್ರಹಣ ಸಂಖ್ಯೆ. ಒಂದು ಸಂಖ್ಯೆಗೆ ಒಂದು ಫೈಲು" ಎಂದರು. ಅವರ ಮಾತಿನಲ್ಲೂ ಅರ್ಥವಿತ್ತು. ನನ್ನ ಲ್ಯಾಪ್‌ಟಾಪಿನ ಹದಿನಾರು ಜಿಬಿಯಲ್ಲಿ ಅದು ನಡೆದುಹೋಯಿತು (ಅಂಗಡಿಯ ಹುಡುಗನಿಗೆ ಕೊಟ್ಟ ಹಣ ವಸೂಲಾದದ್ದು ಅಂದೇ). ಗ್ರಂಥಾಲಯದಲ್ಲಿರುವ 4 ಜಿಬಿಯ ಹಳೆಯ ಡೆಸ್ಕ್‌ಟಾಪಿನಲ್ಲಿ ಮಾತ್ರ ಅದೇ ಆಜ್ಞೆ ನನ್ನ ಹಳೆಯ ಪರಿಚಿತ ಪದವನ್ನೇ ಬರೆದು ಮಲಗಿತು.

ಅಲ್ಲಿ ಕೈಹಿಡಿದದ್ದು ಪಿಡಿಎಫ್ ಫೈಲುಗಳನ್ನು ಜೋಡಿಸಬಲ್ಲ ಇನ್ನೊಂದು ತಂತ್ರಾಂಶ, ಕ್ಯುಪಿಡಿಎಫ್. ಸಂಚಿಕೆಗೊಂದರಂತೆ 24 ಪಿಡಿಎಫ್‌ಗಳನ್ನು, ತಲಾ 190 ಎಂಬಿ ಚಿಲ್ಲರೆ, ಐಎಂಜಿ2ಪಿಡಿಎಫ್‌ನಿಂದ ಮೊದಲು ಕಟ್ಟಿಕೊಂಡೆ. ಆಮೇಲೆ ಕ್ಯುಪಿಡಿಎಫ್‌ಗೆ ಅವನ್ನು ಸಾಲಾಗಿ ಕೊಟ್ಟು ಒಂದಾಗಿಸು ಎಂದೆ. ಇದು ಚಿತ್ರಗಳ ರಾಶಿಯನ್ನು ಮೆಮೊರಿಗೆ ಎಳೆದುಕೊಳ್ಳುವುದಿಲ್ಲ. ಯಾವ ಫೈಲಿನ ಎಷ್ಟನೆಯ ಬೈಟಿನಲ್ಲಿ ಏನಿದೆ ಎಂಬ ಪಟ್ಟಿಯನ್ನಷ್ಟೇ ಇಟ್ಟುಕೊಂಡು, ಬರೆಯುವ ಹೊತ್ತಿಗೆ ಒಂದೆಡೆಯಿಂದ ಓದಿ ಇನ್ನೊಂದೆಡೆಗೆ ಹರಿಸುತ್ತದೆ. 4 ಜಿಬಿಯ ಯಂತ್ರ 4.6 ಜಿಬಿಯ ಫೈಲನ್ನು ಉಸಿರುಗಟ್ಟದೆ ಹೆತ್ತಿತು. ಹಾಗಾಗಿ ಕಡಿಮೆ ಮೆಮೊರಿ ಇರುವವರಿಗೆ ನನ್ನ ಸಲಹೆ ಈ ಜೋಡಿಯೇ ಹೊರತು ಒಂಟಿ ಐಎಂಜಿ2ಪಿಡಿಎಫ್ ಅಲ್ಲ. ಈ ಕೊರತೆಗಾಗಿಯೇ ಐದರಲ್ಲಿ ಒಂದು ಅಂಕ ಕಳೆದಿದ್ದೇನೆ.

ಕಪ್ಪು ಪರದೆಯಲ್ಲಿ ಆಜ್ಞೆ ಬರೆಯಲು ಹಿಂಜರಿಯುವವರಿಗೆ ಗುಂಡಿ ಒತ್ತುವ ರೂಪವೂ ಇದರೊಂದಿಗೆ ಬರುತ್ತದೆ, ಆದರೆ ಅದು ಹೆಸರಿಗಷ್ಟೇ. ಆಯ್ಕೆಗಳು ತೀರ ಒರಟಾಗಿ ಪೇರಿಸಿಟ್ಟಂತಿವೆ. ಆಜ್ಞೆಯ ರೂಪವನ್ನೇ ಕಲಿಯುವುದು ಲೇಸು, ಕಲಿಯಬೇಕಾದದ್ದೂ ಒಂದು ಸಾಲು. ಶೀರ್ಷಿಕೆ, ಲೇಖಕರ ಹೆಸರುಗಳನ್ನು ಕನ್ನಡದಲ್ಲೇ ಕೊಟ್ಟೆ. ಪಿಡಿಎಫ್ ತೆರೆದಾಗ ಕಿಟಕಿಯ ನೆತ್ತಿಯ ಮೇಲೆ ಒತ್ತಕ್ಷರ ಸಮೇತ ಸರಿಯಾಗಿ ಮೂಡಿತು.

ಪುಟವನ್ನು ನೇರ ಮಾಡುವುದು, ಅಂಚು ಕತ್ತರಿಸುವುದು, ಕಲೆ ತೆಗೆಯುವುದು ಇವು ಯಾವುವೂ ಇದರ ಕೆಲಸವಲ್ಲ. ಅವಕ್ಕೆ ನಾನು ಇಂದಿಗೂ ಇಮೇಜ್‌ಮ್ಯಾಜಿಕ್ಕನ್ನೇ ಬಳಸುತ್ತೇನೆ, ಒಂದು ಸಲಕ್ಕೆ ಒಂದು ಪುಟದಂತೆ; ಹಾಗೆ ಬಳಸಿದರೆ 60 ಎಂಬಿಯ ಮೇಲೆ ಅದೂ ಹೆಚ್ಚೇನೂ ಕೇಳುವುದಿಲ್ಲ. ಹುಡುಕಬಲ್ಲ ಪಠ್ಯ ಬೇಕಿದ್ದರೆ ಓಸಿಆರ್‌ಮೈಪಿಡಿಎಫ್ ಇದೆ. ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸುವ ಟೆಸರಾಕ್ಟಿನ ಕನ್ನಡ ದತ್ತಾಂಶವನ್ನು ಹಾಕಿಕೊಂಡರೆ ಪುಟದ ಚಿತ್ರದ ಹಿಂದೆ ಅಕ್ಷರಗಳ ಪದರವನ್ನು ಸೇರಿಸುತ್ತದೆ. ಹಳೆಯ ಮೊಳೆಯಚ್ಚಿನ ಒತ್ತಕ್ಷರಗಳಲ್ಲಿ ಅದು ಎಡವುವುದು ಬೇರೆಯೇ ಕಥೆ. ಅದೂ ತನ್ನ ಹೊಟ್ಟೆಯೊಳಗೆ ಐಎಂಜಿ2ಪಿಡಿಎಫ್‌ ಅನ್ನೇ ಬಳಸುತ್ತದೆಂದು ತಿಳಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಸಂಪುಟದ ಪಿಡಿಎಫ್ ಸಿದ್ಧವಾದ ದಿನ ಗ್ರಂಥಪಾಲಕರು 32 ಜಿಬಿಯ ಪೆನ್‌ಡ್ರೈವ್ ತಂದುಕೊಟ್ಟರು. ಅದರಲ್ಲಿ 30 ಜಿಬಿ ಖಾಲಿಯಿತ್ತು, ಆದರೂ 4.6 ಜಿಬಿಯ ಫೈಲು ತುಂಬ ದೊಡ್ಡದೆಂದು ಕಂಪ್ಯೂಟರು ನಿರಾಕರಿಸಿತು. ಪೆನ್‌ಡ್ರೈವು ಫ್ಯಾಟ್32 ರೂಪದಲ್ಲಿತ್ತು. ಆ ರೂಪದಲ್ಲಿ ಫೈಲಿನ ಉದ್ದವನ್ನು ಬರೆಯಲು ಇರುವ ಜಾಗ 32 ಬಿಟ್ ಮಾತ್ರ, ಅದರಲ್ಲಿ 4,29,49,67,295 ಬೈಟಿಗಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ಪೆನ್‌ಡ್ರೈವಿನಲ್ಲಿದ್ದ ಮೊಮ್ಮಗಳ ನಾಮಕರಣದ ಫೋಟೋಗಳನ್ನು ಬೇರೆಡೆ ತೆಗೆದಿಟ್ಟು, ಈ ಮಿತಿ ಕಾಡದ ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿ, ಫೋಟೋಗಳನ್ನು ಮರಳಿ ತುಂಬಿ, ಅವುಗಳ ಪಕ್ಕದಲ್ಲಿ ಸಂಪುಟವನ್ನು ಇಳಿಸಿಕೊಟ್ಟೆ. ಅವರು ರಿಜಿಸ್ಟರು ತೆರೆದು, ಆ ಪರಿಗ್ರಹಣ ಸಂಖ್ಯೆಯ ಮುಂದಿನ ಷರಾ ಅಂಕಣದಲ್ಲಿ 'ಪಿಡಿಎಫ್ ಇದೆ' ಎಂದು ಕೆಂಪು ಮಸಿಯಲ್ಲಿ ಬರೆದರು.